ಕೆಳಬೀದಿ ನೋಡಲು ಬಂದವರು

ಮಳೆಗಾಲ ಮುಗಿದು ಚಳಿ ಇನ್ನೂ ಕಾಲಿಡದ ದಿನಗಳು. ಮಧ್ಯಾಹ್ನದ ಬಿಸಿಲು ಎದುರು ಮನೆಯ ಗೋಡೆ ಹತ್ತುವ ಹೊತ್ತು. ಅಕ್ಕ ಹೊಸ್ತಿಲಲ್ಲಿ ಕೂತು, ಯಾರದೋ ಕುರ್ಚಿಯನ್ನು ಹಟಮಾರಿ ಮಗುವಿನ ಹಾಗೆ ಮೊಣಕಾಲುಗಳ ನಡುವೆ ಅದುಮಿಕೊಂಡು, ನೆನೆಸಿದ ಬೆತ್ತದ ಎಳೆಯೊಂದನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಆಗ ಮೆಟ್ಟಿಲುಗಳ ಕಡೆಯಿಂದ ಕಟಕಟ ಸದ್ದು ಕೇಳಿತು. ಉದ್ದನೆಯ ಹಿಡಿ ಇರುವ ಒಂಟಿ ಚಕ್ರವೊಂದನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಸುತ್ತ ಒಬ್ಬ ಹುಡುಗಿ ಬರುತ್ತಿದ್ದಳು.

ಎದುರು ಕಟ್ಟೆಯ ಮೇಲೆ ಬೀಗವೊಂದನ್ನು ಬಿಚ್ಚಿ ಹರಡಿಕೊಂಡಿದ್ದ ಬೀಗದ ಮಾವ ತಲೆಯೆತ್ತಿದ. ಇಡೀ ಬೀದಿಗೆ ಅವನು ಮಾವ. ಯಾರಿಗೆ ಯಾವ ಕಡೆಯಿಂದ ಮಾವ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

"ಸೈಕಲ್ಲಿನ ಮಿಕ್ಕ ಭಾಗ ಎಲ್ಲಿ ಬಿಟ್ಟು ಬಂದೆ ತಾಯಿ?" ಅಂದ.

"ಇದು ಅಳತೆ ಚಕ್ರ ಅಂಕಲ್. ಬೀದಿ ಎಷ್ಟುದ್ದ ಇದೆ ಅಂತ ನೋಡೋಕೆ."

"ನಮ್ಮ ಬೀದಿನಾ? ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ."

ಹುಡುಗಿ ನಕ್ಕಳು. ವಲಯದ ಕಚೇರಿಯಿಂದ ಬಂದಿದ್ದೇನೆ ಎಂದಳು. ವಲಯ ಎಂಬ ಮಾತು ಕಿವಿಗೆ ಬಿದ್ದದ್ದೇ ಅಕ್ಕನ ಬಾಯಿಂದ ಬೆತ್ತದ ಎಳೆ ಜಾರಿತು.

ವಲಯ ಎಂದರೆ ಮೇಲ್ಪೇಟೆಯವರು ಕಟ್ಟಿಕೊಂಡ ಏರ್ಪಾಡು. ಮೆಟ್ಟಿಲುಗಳ ಮೇಲಿನ ಅಂಗಡಿಯವರೆಲ್ಲ ಒಂದು ಕಾಲದಲ್ಲಿ ನಗರದ ಕಚೇರಿಯ ದಾರಿ ಕಾದು ಕಾದು ಸಾಕಾಗಿ, ತಾವೇ ಪಾಲು ಹಾಕಿ ತಮ್ಮ ಬೀದಿಗಳನ್ನು ನೋಡಿಕೊಳ್ಳುತ್ತೇವೆಂದು ಒಪ್ಪಿಗೆ ಪಡೆದಿದ್ದರು. ಸುಧಾರಣಾ ವಲಯ ಎಂದು ಅದಕ್ಕೆ ಹೆಸರಾಯಿತು. ನೀಲಿ ಅಂಗಿಯ ಗುಡಿಸುವವರು ಬಂದರು. ಮೋರಿಗಳ ಮೇಲೆ ಚಪ್ಪಡಿ ಬಿದ್ದವು. ಮೂಲೆಮೂಲೆಗೆ ದೀಪದ ಕಂಬ ಎದ್ದವು. ವಲಯದ ಗೆರೆ ಮಾತ್ರ ಮೆಟ್ಟಿಲುಗಳ ತಲೆಗೇ ನಿಂತಿತು. ನೀಲಿ ಅಂಗಿಯವರು ಅಲ್ಲಿಯ ತನಕ ಗುಡಿಸಿಕೊಂಡು ಬಂದು, ಮೇಲಿನ ಮೆಟ್ಟಿಲಿಗೆ ಪೊರಕೆಯನ್ನು ಕುಟ್ಟಿ ಹಿಂತಿರುಗುತ್ತಿದ್ದರು. ಕುಟ್ಟಿದ ದೂಳು ಕೆಳಬೀದಿಗೆ ಇಳಿಯುತ್ತಿತ್ತು. "ಮೇಲಿನವರು ನಮಗೆ ತಪ್ಪದೆ ಕಳಿಸೋದು ಇದೊಂದೇ" ಎಂದು ಕೆಳಬೀದಿಯವರು ನಗುತ್ತಿದ್ದರು. ಅವರು ಬೈದರೂ ಹಾಗೆಯೇ ಇರುತ್ತಿತ್ತು, ನಕ್ಕರೂ ಹಾಗೆಯೇ.

ಈಗ ಆ ಗೆರೆಯನ್ನು ಕೆಳಗೂ ಇಳಿಸುವ ಯೋಚನೆ ನಡೆದಿದೆ ಎಂದು ಹುಡುಗಿ ಹೇಳಿದಳು. ಸದ್ಯಕ್ಕೆ ಖರ್ಚೆಲ್ಲ ಮೇಲಿನವರದ್ದೇ. ದೀಪ ಬರಬಹುದು, ಮೋರಿ ಮುಚ್ಚಬಹುದು, ಗುಡಿಸುವವರು ಬರಬಹುದು.

"ಬುಧವಾರ ವಲಯದ ದೊಡ್ಡವರು ಖುದ್ದಾಗಿ ನೋಡೋಕೆ ಬರ್ತಾರೆ. ಎಲ್ಲೆಲ್ಲಿ ಏನೇನು ಕೊರತೆ ಇದೆ ಅಂತ ನೋಡಿ ತೀರ್ಮಾನ ಮಾಡ್ತಾರೆ. ನೀವೇನೂ ಮಾಡೋಕೆ ಹೋಗಬೇಡಿ. ಎಲ್ಲಾ ಇದ್ದ ಹಾಗೇ ಇರಲಿ."

"ಅಯ್ಯೋ, ನಾವು ಮಾಡೋದೇನು ಬಂತು ಬಿಡಮ್ಮ" ಅಂದಳು ಅಕ್ಕ.

ಹುಡುಗಿ ಚಕ್ರ ಉರುಳಿಸಿಕೊಂಡು ಬೀದಿಯ ಕೊನೆಯ ತನಕ ಹೋಗಿ ಬಂದು ಮೆಟ್ಟಿಲು ಹತ್ತಿ ಮರೆಯಾದಳು. ಅವಳು ಮರೆಯಾಗುವ ತನಕ ಕಾದು ಅಕ್ಕ ಎದ್ದಳು. ಬೀದಿಯನ್ನು ಹೊಸದಾಗಿ ನೋಡುವವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮಾವ, ಈ ಬಾಯಿಬಿಟ್ಟ ಮೋರಿ ಮುಂದೆ ಅವರನ್ನ ನಿಲ್ಲಿಸೋಕಾಗುತ್ತಾ?"

"ಏನೂ ಮಾಡಬೇಡಿ ಅಂತ ಹೇಳಿ ಹೋದಳಲ್ಲೇ."

"ಹೇಳದೆ ಇರ್ತಾಳಾ? ಮನೆಗೆ ಬರೋರು ಯಾರು ತಾನೇ 'ನಮಗೋಸ್ಕರ ಇದು ಮಾಡಿ ಅದು ಮಾಡಿ' ಅಂತಾರೆ? ಒಳ್ಳೆ ಮನೆತನದ ಹುಡುಗಿ, ಹಾಗೆ ಹೇಳಿದಳು. ಅದನ್ನೇ ಹಿಡ್ಕೊಂಡು ನಾವು ಕೈಕಟ್ಟಿ ಕೂತರೆ ನಮಗೇನು ಮರ್ಯಾದೆ?"

ಬೀಗದ ಮಾವನಿಗೆ ಅದು ಸರಿ ಎನ್ನಿಸಿತು. ಆ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಸರಿ ಎನ್ನುತ್ತಿದ್ದರು.

ಆದರೆ ಅಕ್ಕನಿಗೆ ಮರ್ಯಾದೆಗಿಂತ ದೊಡ್ಡದೊಂದು ಇತ್ತು. ಕತ್ತಲಾಗುತ್ತಲೇ ಅವಳು ಸೆರಗಿನಿಂದ ಕೈ ಒರೆಸಿಕೊಂಡು ಮೆಟ್ಟಿಲುಗಳ ಬುಡಕ್ಕೆ ಹೋಗಿ ನಿಂತಳು. ಮಳೆಯಿರಲಿ ಜ್ವರವಿರಲಿ, ಪ್ರತಿ ಸಂಜೆ ಅವಳು ನಿಲ್ಲುವ ಜಾಗ ಅದು. ಅವಳ ತಂಗಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ಹಗಲು ಅವಳ ಕಣ್ಣು ಎಲ್ಲರ ಕಣ್ಣಿನ ಹಾಗೆ. ಹಾಸಿಗೆಯ ಬಿಳಿ ಹೊದಿಕೆಯಲ್ಲಿ ಸಾಸಿವೆಯಷ್ಟು ಕಲೆ ಇದ್ದರೂ ಹುಡುಕಿ ತೆಗೆಯುತ್ತಿದ್ದಳು. ಹೊತ್ತು ಮುಳುಗಿತೆಂದರೆ ಮಾತ್ರ ಕಣ್ಣಿಗೆ ಕಂಬಳಿ ಮುಚ್ಚಿದ ಹಾಗಾಗುತ್ತಿತ್ತು. ಇರುಳುಗುರುಡು. ತಾಯಿಗೂ ಇತ್ತು. ತಂಗಿ ಅದನ್ನು ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳಿದವಳಲ್ಲ, ಅಕ್ಕನೂ ಹೇಳಲು ಬಿಟ್ಟವಳಲ್ಲ.

ಮೇಲ್ಪೇಟೆಯ ದೀಪಗಳ ಕೆಳಗೆ ತಂಗಿ ಸಲೀಸಾಗಿ ನಡೆದು ಬರುತ್ತಿದ್ದಳು. ಮೆಟ್ಟಿಲು ಸುರುವಾದಲ್ಲಿ ಗೋಡೆ ಸವರುತ್ತ ನಿಧಾನಕ್ಕೆ ಇಳಿಯುತ್ತಿದ್ದಳು. ಕೊನೆಯ ಮೆಟ್ಟಿಲಲ್ಲಿ ಅಕ್ಕನ ಕೈ ಸಿಗುತ್ತಿತ್ತು. ಅಲ್ಲಿಂದ ಮುಂದೆಯೇ ಮೋರಿ. ಬೀದಿಗೆ ಅಡ್ಡಲಾಗಿ ಹರಿಯುವ ಅದನ್ನು ದಾಟಲು ಒಂದು ಕಲ್ಲುತೊಲೆ, ಒಬ್ಬರು ಹೋಗುವಷ್ಟು ಅಗಲ. ಅಕ್ಕ ಮುಂದೆ, ತಂಗಿ ಹಿಂದೆ.

"ಮೊಣಕಾಲು ಹೇಗಿದೆ?" ಕೇಳಿದಳು ತಂಗಿ.

"ನನ್ನ ಮೊಣಕಾಲಿಗೇನು ಧಾಡಿ."

"ಕಟಕ್ ಅಂತು. ಕೇಳಿಸ್ತು ನನಗೆ." ಕಲ್ಲುತೊಲೆ ದಾಟಿದ ಮೇಲೆ ತಂಗಿ ಮತ್ತೆ ಅಂದಳು, "ಒಗೆಯೋ ಕೋಣೆ ಹಿಂದೆ ವಸತಿ ಇದೆಯಲ್ಲ, ಅಲ್ಲಿ ಒಂದು ಹಾಸಿಗೆ ಖಾಲಿ ಆಗಿದೆಯಂತೆ. ಮೇಲ್ವಿಚಾರಕಿ ಕೇಳಿದರು. ತಿಂಗಳ ಕೊನೆಗೆ ಹೇಳಬೇಕಂತೆ."

ಅಕ್ಕ ನಿಂತುಬಿಟ್ಟಳು. "ಏನಂದೆ ನೀನು?"

"ಏನೂ ಅನ್ನಲಿಲ್ಲ. ನೋಡ್ತೀನಿ ಅಂದೆ. ನೀನೂ ಎಷ್ಟು ವರ್ಷ ಅಂತ ಹೀಗೆ ಬಂದು ನಿಲ್ತೀಯ?"

"ನಿಂತರೆ ನನ್ನ ಕಾಲು ನಿಲ್ಲುತ್ತೆ, ನಿನ್ನದೇನು ಹೋಗುತ್ತೆ? ದೀಪ ಬರುತ್ತೆ ಕಣೇ. ವಲಯದವರು ಬರ್ತಾರೆ ಬುಧವಾರ. ದೀಪ ಬಂದ ಮೇಲೆ ನೀನು ಕೈಬೀಸಿಕೊಂಡು ಬಾ, ನಾನು ಕಾಲು ಚಾಚಿಕೊಂಡು ಮನೇಲಿರ್ತೀನಿ."

ತಾಯಿ ಹೋದ ಮೇಲೆ ಆ ಒಂದು ಕೋಣೆಯ ಮನೆಯಲ್ಲಿ ಇಬ್ಬರೇ ಇದ್ದರು. ಒಂದೇ ಹಾಸಿಗೆ, ಒಂದೇ ಬಾಚಣಿಗೆ, ಒಂದು ಜಗಳವನ್ನು ಎರಡು ದಿನ ಎಳೆಯುವ ಅಭ್ಯಾಸ. ತಂಗಿ ಇಲ್ಲದ ಕೋಣೆ ಹೇಗಿರುತ್ತದೆ ಎಂದು ಅಕ್ಕ ಒಮ್ಮೆ ಯೋಚಿಸಿ ನೋಡಿದಳು. ಯೋಚನೆ ಬಾಗಿಲ ತನಕ ಹೋಗಿ ಒಳಗೆ ಹೋಗಲಾರದೆ ಹಿಂದಿರುಗಿತು.

ಮರುದಿನದಿಂದ ಕೆಳಬೀದಿಗೆ ಕೈಕಾಲು ಬಂತು. ಬೀಗದ ಮಾವನ ಹಿತ್ತಲಲ್ಲಿ, ಕೆಡವಿದ ಮನೆಗಳಿಂದ ಬೀಗ ಬಿಚ್ಚಿಕೊಳ್ಳಲೆಂದು ತಂದ ಹಳೆಯ ಬಾಗಿಲುಗಳು ರಾಶಿ ಬಿದ್ದಿದ್ದವು. ಅವನ್ನು ಹೊತ್ತು ತಂದು ಮೋರಿಯ ಮೇಲೆ ಒಂದರ ಪಕ್ಕ ಒಂದು ಮಲಗಿಸಿದರು. ಬಾಯಿಬಿಟ್ಟಿದ್ದ ಮೋರಿ ಈ ಗೋಡೆಯಿಂದ ಆ ಗೋಡೆಯ ತನಕ ಮುಚ್ಚಿಹೋಯಿತು. ಹೆಂಗಸರು ಬಕೆಟ್ಟುಗಟ್ಟಲೆ ನೀರು ಸುರಿದು ಬೀದಿ ಉಜ್ಜಿದರು. ಒಡೆದ ಮೆಟ್ಟಿಲಿಗೆ ಸಿಮೆಂಟು ಮೆತ್ತಿದರು.

ಹೌದಪ್ಪ ಎನ್ನುವವನೊಬ್ಬ ಬೀದಿಯಲ್ಲಿದ್ದ. ಯಾರು ಏನು ಹೇಳಿದರೂ "ಹೌದಪ್ಪ ಹೌದು" ಅನ್ನುವುದರಿಂದ ಆ ಹೆಸರು. ಕರೆಂಟಿನ ಸಣ್ಣಪುಟ್ಟ ರಿಪೇರಿ ಮಾಡಿಕೊಂಡಿದ್ದ. ಅವನು ತನ್ನ ಮನೆಯೊಳಗಿನಿಂದ ವೈರು ಎಳೆದು, ಮೋರಿಯ ಪಕ್ಕದ ಗೋಡೆಯ ಮೊಳೆಗೆ ದೊಡ್ಡ ಬಲ್ಬೊಂದನ್ನು ನೇತುಹಾಕಿದ.

"ದೀಪ ಕೇಳಬೇಕಾದವನು ನೀನೇ ದೀಪ ಹಾಕ್ತೀಯಲ್ಲೋ" ಅಂದ ಬೀಗದ ಮಾವ.

"ಹೌದಪ್ಪ ಹೌದು. ಆದರೆ ದೀಪ ಇಲ್ಲಿ ಬೇಕು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಜಾಗ ತೋರಿಸಿದ ಹಾಗಾಯ್ತಲ್ಲ."

ಅದೂ ಸರಿ ಎನ್ನಿಸಿತು. ಆ ವಾರ ಕೆಳಬೀದಿಯಲ್ಲಿ ಎಲ್ಲವೂ ಸರಿ ಎನ್ನಿಸುತ್ತಿತ್ತು.

ಬುಧವಾರ ಅಳತೆಯ ಹುಡುಗಿಯ ಹಿಂದೆ ವಲಯದ ಅಧ್ಯಕ್ಷರು ಬಂದರು. ಮೇಲ್ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟ ಸಜ್ಜನ, ಯಾರನ್ನು ನೋಡಿದರೂ ಮೊದಲು ಕಣ್ಣನ್ನೇ ನೋಡುವ ಅಭ್ಯಾಸದವರು. ಅವರ ಹಿಂದೆ ಇನ್ನೂ ನಾಲ್ಕು ಮಂದಿ ಅಂಗಡಿಯವರು. ಕೂರಿಸಲು ಅಕ್ಕ, ಗಿರಾಕಿಗಳು ಇನ್ನೂ ಒಯ್ಯದ ಕುರ್ಚಿಗಳನ್ನೆಲ್ಲ ಬೀದಿಯಲ್ಲಿ ಸಾಲಾಗಿ ಇಟ್ಟಿದ್ದಳು. ಹೊಸ ಬೆತ್ತ ಬಿಸಿಲಿಗೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಚಹಾ ಬಂತು. ಹುಡುಗಿ ಮಾತ್ರ ಬಾಗಿಲುಗಳ ಮೇಲೆ ನಿಂತು ಕೆಳಗೂ ಮೇಲೂ ನೋಡುತ್ತ, ತಪ್ಪು ಬೀದಿಗೆ ಬಂದೆನೇನೋ ಎಂಬ ಹಾಗಿದ್ದಳು.

"ಎಷ್ಟು ಚೊಕ್ಕಟ!" ಅಂದರು ಅಧ್ಯಕ್ಷರು. "ನಮ್ಮ ಮೇಲ್ಪೇಟೆಯೂ ಹೀಗಿಲ್ಲ. ಮೋರಿ ಕೂಡ ಮುಚ್ಚಿಕೊಂಡಿದ್ದೀರಿ."

"ಏನೋ ನಮ್ಮ ಕೈಲಾದಷ್ಟು" ಅಂದ ಬೀಗದ ಮಾವ, ನೆಲ ನೋಡುತ್ತ. ಅವನಿಗೆ ನಾಚಿಕೆಯೂ ಆಗಿತ್ತು, ಎದೆಯೂ ಉಬ್ಬಿತ್ತು.

"ದೀಪಾನೂ ಇದೆ."

"ಹೌದಪ್ಪ ಹೌದು" ಅಂದ ಹೌದಪ್ಪ.

ಹುಡುಗಿಗೆ ತಡೆಯಲಾಗಲಿಲ್ಲ. ಅಕ್ಕನ ಬಳಿ ಬಂದು, "ಅಮ್ಮ, ನೀವು ಹೇಳಿ. ಸಂಜೆ ಮೇಲೆ ಇಲ್ಲಿ ಓಡಾಡೋರಿಗೆ ಕಷ್ಟ ಆಗುತ್ತಲ್ವಾ? ಅಧ್ಯಕ್ಷರ ಮುಂದೆ ಹೇಳಿ" ಅಂದಳು.

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಧ್ಯಕ್ಷರು ಚಹಾದ ಲೋಟ ಹಿಡಿದು, ಅವಳು ಹೆಣೆದ ಕುರ್ಚಿಯಲ್ಲಿ ಕೂತು, ನಗುತ್ತ ಕಾಯುತ್ತಿದ್ದರು. ಬಾಗಿಲಿಗೆ ಬಂದವರ ಮುಂದೆ ಕಷ್ಟ ಹೇಳಿಕೊಳ್ಳುವುದು ಹೇಗೆ? ತಂಗಿಯ ಕಣ್ಣಿನ ಮಾತು ಗಂಟಲ ತನಕ ಬಂತು. ಬಾಯಿಗೆ ಬಂದದ್ದು ಬೇರೆಯೇ.

"ಏನೂ ಕಷ್ಟ ಇಲ್ಲ ಸ್ವಾಮಿ. ಆರಾಮಾಗಿದೀವಿ. ನೀವು ಬಂದಿರಲ್ಲ, ಅದೇ ಸಂತೋಷ."

ಅವರೆಲ್ಲ ತುಂಬ ಸಂತೋಷದಿಂದ ಹೋದರು. ಅಧ್ಯಕ್ಷರು ಹೋಗುವಾಗ ತಮ್ಮ ಅಂಗಡಿಯ ಎರಡು ಕುರ್ಚಿಗಳನ್ನೂ ಹೆಣೆಯಲು ಕಳಿಸುವುದಾಗಿ ಹೇಳಿದರು.

ಆ ಸಂಜೆ ಹೌದಪ್ಪ ಬಲ್ಬನ್ನು ಆರಿಸದೆ ಬಿಟ್ಟಿದ್ದ. ಅಕ್ಕ ಮೆಟ್ಟಿಲ ಬುಡಕ್ಕೆ ಹೊರಡುವಷ್ಟರಲ್ಲಿ ತಂಗಿ ಬಾಗಿಲಲ್ಲಿ ನಿಂತಿದ್ದಳು. ಒಬ್ಬಳೇ.

"ಬಂದೇ ಬಿಟ್ಟೆಯಾ!"

"ನೆಲ ಕಾಣ್ತು ಅಕ್ಕ" ಅಂದಳು ತಂಗಿ. ಅವಳ ಮುಖ ಸಣ್ಣವಳಿದ್ದಾಗಿನ ಹಾಗಿತ್ತು. "ಬಾಗಿಲ ಮೇಲೆ ನಡೆದೆ. ಒಂದಕ್ಕೆ ಚಿಲಕ ಇನ್ನೂ ಇದೆ ನೋಡು, ಕಾಲಿಗೆ ತಾಗುತ್ತೆ. ಅದು ತಾಗಿದರೆ ಮೋರಿ ದಾಟಿದೆ ಅಂತ ಲೆಕ್ಕ."

ಮರುದಿನವೂ ಅವಳು ಒಬ್ಬಳೇ ಬಂದಳು. ಅದರ ಮರುದಿನವೂ. ವಸತಿಯ ಮಾತು ಮತ್ತೆ ಬರಲಿಲ್ಲ. ಅಕ್ಕ ಒಂದು ಸಂಜೆ ನಿಜವಾಗಿಯೂ ಕಾಲು ಚಾಚಿಕೊಂಡು ಕೂತು ನೋಡಿದಳು. ಆದರೆ ಸುಖವಾಗಿ ಕೂರಲು ಗೊತ್ತಾಗದೆ ಬೆತ್ತ ಸೀಳಲು ಎದ್ದಳು.

ಸೋಮವಾರ ಅಳತೆಯ ಹುಡುಗಿ ಚಕ್ರವಿಲ್ಲದೆ ಬಂದಳು. ಮುಖ ಬಾಡಿತ್ತು. ಬೀಗದ ಮಾವನ ಕಟ್ಟೆಯ ಮೇಲೆ ಕೂತು, ಕೆಳಬೀದಿಯನ್ನು ವಲಯಕ್ಕೆ ಸೇರಿಸುವುದು ಬೇಡ ಎಂದು ಆಗಿದೆ ಎಂದಳು. ಇಲ್ಲಿ ಎಲ್ಲ ಚೆನ್ನಾಗಿದೆಯಂತೆ. ಕೊರತೆ ಇರುವ ಬೇರೆ ಬೀದಿ ನೋಡೋಣ ಅಂದರಂತೆ.

ಕೆಳಬೀದಿಯವರು ಒಬ್ಬರ ಮುಖ ಒಬ್ಬರು ನೋಡಿದರು.

"ಅಂದರೆ ಚೊಕ್ಕಟ ಮಾಡಿದ್ದಕ್ಕೆ ಬೇಡ ಅಂದರಾ?" ಅಂದ ಬೀಗದ ಮಾವ. "ಕಸ ಇದ್ದಿದ್ದರೆ ಬರ್ತಿದ್ದರಾ?"

"ನಾನು ಹೇಳಿದ್ದೆನಲ್ಲ ಅಂಕಲ್, ಇದ್ದ ಹಾಗೇ ಇರಲಿ ಅಂತ!"

"ಹಾಗಂತ ಎಲ್ಲರೂ ಹೇಳ್ತಾರಮ್ಮ" ಅಂದಳು ಅಕ್ಕ. "ನಾವೂ ಹೇಳ್ತೀವಿ. ಹೇಳಿದ ಮಾತ್ರಕ್ಕೆ ಯಾರಾದರೂ ಹಾಗೇ ಬಿಡ್ತಾರಾ?"

ಹುಡುಗಿ ತಲೆಯ ಮೇಲೆ ಕೈ ಹೊತ್ತಳು. ಆದರೂ ಅವಳು ಅಧ್ಯಕ್ಷರನ್ನು ಹೇಗೋ ಒಪ್ಪಿಸಿ ಬಂದಿದ್ದಳು. ಶನಿವಾರ ಮತ್ತೊಮ್ಮೆ ಬರುತ್ತಾರೆ, ಈ ಸಲ ಕತ್ತಲಾದ ಮೇಲೆ. "ದಯವಿಟ್ಟು" ಅಂದಳು, "ಕಾಲಿಗೆ ಬೀಳ್ತೀನಿ. ಈ ಸಲ ನಿಜವಾಗಿಯೂ ಇದ್ದ ಹಾಗೇ ಇರಲಿ."

ಅವಳೇನೋ ಹೇಳಿ ಹೋದಳು. ಇದ್ದ ಹಾಗೆ ಅಂದರೆ ಯಾವ ಹಾಗೆ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಮೋರಿಯ ಮೇಲೆ ಬಾಗಿಲುಗಳಿರುವುದು ಈಗ ಇದ್ದ ಹಾಗೆ. ಬಾಗಿಲು ತೆಗೆದರೆ ಅದು ಹಿಂದೆ ಇದ್ದ ಹಾಗೆ. ಇದ್ದದ್ದನ್ನು ತೆಗೆದು ಇಲ್ಲ ಎಂದು ತೋರಿಸಿದರೆ ಮೋಸವಲ್ಲವೇ ಎಂದು ಒಬ್ಬರು. ಇಲ್ಲದ್ದನ್ನು ಇಟ್ಟು ಇದೆ ಎಂದು ತೋರಿಸಿದ್ದೂ ಮೋಸವೇ ತಾನೇ ಎಂದು ಇನ್ನೊಬ್ಬರು. ಉಜ್ಜಿದ ಬೀದಿಗೆ ಮತ್ತೆ ಕಸ ತಂದು ಹಾಕಬೇಕೇ, ಹಾಕುವುದಾದರೆ ಯಾರ ಮನೆಯದು ಎಂದು ಎರಡು ಮನೆಯವರು ಜಗಳಕ್ಕೇ ನಿಂತರು.

"ನಮ್ಮ ಮನೇಲಿ ಅಷ್ಟು ಕಸ ಆಗಲ್ಲ" ಅಂದಳೊಬ್ಬಳು.

"ನಮ್ಮ ಮನೇಲಿ ಮಾತ್ರ ಆಗುತ್ತಾ?" ಅಂದಳು ಇನ್ನೊಬ್ಬಳು.

"ಹೌದಪ್ಪ ಹೌದು" ಅಂದ ಹೌದಪ್ಪ, ಇಬ್ಬರಿಗೂ.

ಕೊನೆಗೆ ಬೀಗದ ಮಾವ ಒಂದು ದಾರಿ ಹೇಳಿದ. ಕಸ ಬೇಡ. ಬಾಗಿಲುಗಳನ್ನು ತೆಗೆಯುವುದು, ಬಲ್ಬು ಬಿಚ್ಚುವುದು, ಅವರು ಬಂದು ಹೋದ ಮೇಲೆ ಮತ್ತೆ ಹಾಕುವುದು. ಒಂದು ಸಂಜೆಯ ಮಾತು. ಅಕ್ಕ ಆ ಹೊತ್ತಿನಲ್ಲಿ ಬೆತ್ತ ನೆನೆಯುವ ತೊಟ್ಟಿಯನ್ನೇ ನೋಡುತ್ತಿದ್ದಳು.

"ನನ್ನ ತಂಗಿ?" ಅಂದಳು.

"ಒಂದು ದಿನ ಮುಂಚಿನ ಹಾಗೆ ಹೋಗಿ ಕರ್ಕೊಂಡು ಬಾ. ಮರೆತೇ ಹೋಯ್ತಾ ಕೈ ಹಿಡಿಯೋದು?" ಅಂದ ಮಾವ. "ಈ ಸಲ ನೀನೇ ಬಾಯಿಬಿಟ್ಟು ಹೇಳಬೇಕು ನೋಡು. ಮೊನ್ನೆ ಆರಾಮಾಗಿದೀವಿ ಅಂದವಳೂ ನೀನೇ."

ಶನಿವಾರ ಮಧ್ಯಾಹ್ನದ ಮೇಲೆ, ತಂಗಿ ಕೆಲಸಕ್ಕೆ ಹೋದ ಎಷ್ಟೋ ಹೊತ್ತಿನ ಮೇಲೆ, ಬಾಗಿಲುಗಳನ್ನು ಎತ್ತಿದರು. ಸಂಜೆ ತಾನೇ ಹೋಗಿ ಕೈ ಹಿಡಿದರಾಯಿತೆಂದು ಅಕ್ಕ ಅವಳಿಗೆ ಏನೂ ಹೇಳಿರಲಿಲ್ಲ. ಚಿಲಕ ಇದ್ದದ್ದನ್ನು ಎತ್ತುವಾಗ ಒಂದು ತುದಿಗೆ ಅಕ್ಕನೇ ಕೈಕೊಟ್ಟಳು. ಕೆಳಗೆ ಮೋರಿ ತನ್ನ ಪಾಡಿಗೆ ಹರಿಯುತ್ತಿತ್ತು. ಅಕ್ಕ ಇಡೀ ಮಧ್ಯಾಹ್ನ ಹೇಳಬೇಕಾದ ಮಾತನ್ನು ಬಾಯಲ್ಲೇ ತಿರುಗಿಸುತ್ತಿದ್ದಳು. ನನ್ನ ತಂಗಿಗೆ ಸಂಜೆ ಮೇಲೆ ಕಣ್ಣು ಕಾಣಲ್ಲ ಸ್ವಾಮಿ. ಸುಲಭದ ಮಾತು. ಒಂದೇ ಉಸಿರಿನಲ್ಲಿ ಮುಗಿಯುತ್ತದೆ.

ಕತ್ತಲು ಇಳಿಯುವಾಗ ಅವರು ಬಂದರು. ತಂಗಿ ಬರಲು ಇನ್ನೂ ಹೊತ್ತಿದೆ ಎಂದು ಅಕ್ಕ ಅಂದುಕೊಂಡಳು. ಅಧ್ಯಕ್ಷರು ಕೊನೆಯ ಮೆಟ್ಟಿಲಲ್ಲಿ ತಡವರಿಸಿ ನಿಂತರು. ಹುಡುಗಿ ಅವರ ತೋಳು ಹಿಡಿದು ಕಲ್ಲುತೊಲೆಯ ಮೇಲೆ ಒಬ್ಬೊಬ್ಬರನ್ನೇ ದಾಟಿಸಿದಳು. ಈ ಸಲ ಕುರ್ಚಿಯಿಲ್ಲ, ಚಹಾ ಇಲ್ಲ. ಕೆಳಬೀದಿಯವರು ತಮ್ಮ ತಮ್ಮ ಬಾಗಿಲಲ್ಲಿ ಕಳ್ಳರ ಹಾಗೆ ನಿಂತಿದ್ದರು. ದೊಡ್ಡವರನ್ನು ಕತ್ತಲಲ್ಲಿ ನಿಲ್ಲಿಸಿ ನೋಡುತ್ತಿರುವುದು ಅವರಿಗೆ ಒಗ್ಗದ ಕೆಲಸ. ಒಬ್ಬಳು ಟಾರ್ಚು ತರಲು ಒಳಗೆ ಹೋದಳು. ಬೀಗದ ಮಾವ ಅವಳನ್ನು ಕಣ್ಣಲ್ಲೇ ಗದರಿಸಿದ.

"ಇವರು ಮೊನ್ನೆ ಮಾತಾಡಲಿಲ್ಲ" ಎಂದು ಹುಡುಗಿ ಅಧ್ಯಕ್ಷರನ್ನು ಅಕ್ಕನ ಬಾಗಿಲಿಗೆ ಕರೆತಂದಳು. "ಅಮ್ಮ, ಹೇಳಿ."

ಅಕ್ಕ ಕೈ ಮುಗಿದಳು. ಅಧ್ಯಕ್ಷರ ಮುಖ ಕಾಣುತ್ತಿರಲಿಲ್ಲ. ಅದೇ ಒಳ್ಳೆಯದಾಯಿತು ಎನ್ನಿಸಿತು ಅವಳಿಗೆ.

"ಅದು... ಸ್ವಾಮಿ, ನನಗೊಬ್ಬಳು ತಂಗಿ ಇದ್ದಾಳೆ."

"ಹೇಳಿ ತಾಯಿ."

ಅಷ್ಟರಲ್ಲಿ ಅಂಗಡಿಯವರಲ್ಲಿ ಯಾರೋ ಕಲ್ಲಿಗೆ ಎಡವಿ "ಅಯ್ಯಪ್ಪಾ" ಅಂದರು. ಹೌದಪ್ಪನಿಗೆ ಅದಕ್ಕಿಂತ ಹೆಚ್ಚು ತಡೆಯಲಾಗಲಿಲ್ಲ. ಬಲ್ಬನ್ನು ಅವನು ಬಿಚ್ಚಿರಲೇ ಇಲ್ಲ, ಆರಿಸಿದ್ದ ಅಷ್ಟೇ. ಮನೆಗೆ ಬಂದವರು ಬಿದ್ದು ಹಲ್ಲು ಮುರಿದುಕೊಂಡರೆ ಗತಿಯೇನು? ಒಳಗೆ ಓಡಿ ಸ್ವಿಚ್ಚು ಒತ್ತಿದ.

ಬೀದಿ ಬೆಳಗಿತು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು. ಬೀಗದ ಮಾವ ಹೌದಪ್ಪನ ಮನೆಯ ಕಡೆ ತಿರುಗಿ ಬೈಯಲು ಬಾಯಿ ತೆರೆದ. ಆ ಹೊತ್ತಿಗೇ ಮೆಟ್ಟಿಲುಗಳ ಮೇಲೆ ತಂಗಿ ಇಳಿಯುತ್ತಿದ್ದಳು. ಕೆಲಸ ಆ ದಿನ ಸ್ವಲ್ಪ ಬೇಗ ಮುಗಿದಿತ್ತು. ಮೇಲಿನಿಂದ ಅವಳಿಗೆ ಕಂಡದ್ದು ಬಲ್ಬು, ಆ ವಾರವೆಲ್ಲ ಕಂಡ ಬಲ್ಬು. ಬಲ್ಬಿನ ಕೆಳಗೆ ಬಾಗಿಲುಗಳಿರುತ್ತವೆ. ಅವಳು ಗೋಡೆ ಬಿಟ್ಟು, ಕೆಳಗೆ ನೋಡದೆ, ಆ ವಾರವೆಲ್ಲ ನಡೆದ ಹಾಗೆಯೇ ಕೈಬೀಸಿಕೊಂಡು ನಡೆದಳು.

"ಅವಳಿಗೆ ಸಂಜೆ ಮೇಲೆ ಕಣ್ಣು..." ಎಂದು ಅಕ್ಕ ಹೇಳುತ್ತಿದ್ದಳು.

ಸದ್ದು ದೊಡ್ಡದೇನೂ ಆಗಲಿಲ್ಲ. ತುಂಬಿದ ಮೂಟೆಯೊಂದನ್ನು ಕೆಳಗಿಟ್ಟ ಹಾಗೆ, ಅಷ್ಟೇ. ಕೂಗಿದ್ದೂ ಇಲ್ಲ. ಮೊದಲು ಓಡಿದವರು ಕನ್ನಡಕದ ಅಂಗಡಿಯ ಅಧ್ಯಕ್ಷರು. ಬೂಟು ಸಮೇತ ಮೋರಿಗೆ ಇಳಿದು ತಂಗಿಯ ತೋಳಿನ ಕೆಳಗೆ ಕೈಹಾಕಿ ಎತ್ತಿದರು. ಅವಳ ಮೊಣಕಾಲಿನ ಕೆಳಗೆ ಚರ್ಮ ಸೀಳಿಹೋಗಿತ್ತು, ಪಾದ ಆಗಲೇ ಊದತೊಡಗಿತ್ತು. ಅಧ್ಯಕ್ಷರು ಬಲ್ಬಿನ ಬೆಳಕಿನಲ್ಲಿ ಅಭ್ಯಾಸಬಲದಿಂದ ಅವಳ ಕಣ್ಣುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಸಾಕು" ಅಂದರು, ಯಾರಿಗೆ ಅಂತ ಇಲ್ಲದೆ. "ನೋಡಿದ್ದು ಸಾಕು."

ತಂಗಿ ಅಕ್ಕನ ಕಡೆ ತಿರುಗಿದಳು. ನೋವಿಗಿಂತ ಹೆಚ್ಚಾಗಿ ಅವಳ ಮುಖದಲ್ಲಿ ಏನೋ ಅರ್ಥವಾಗದ ಗೊಂದಲವಿತ್ತು.

"ಬಾಗಿಲು ಎಲ್ಲಿ ಹೋಯ್ತಕ್ಕಾ?"

ವಾರದೊಳಗೆ ಸುದ್ದಿ ಬಂತು. ಕೆಳಬೀದಿ ವಲಯಕ್ಕೆ ಸೇರಿತು. ದೀಪ, ಚಪ್ಪಡಿ, ನೀಲಿ ಅಂಗಿ, ಎಲ್ಲ. ಹಿಗ್ಗಬೇಕೋ ಬೇಡವೋ ತಿಳಿಯದೆ ಜನ ಕೆಳದನಿಯಲ್ಲಿ ಹಿಗ್ಗಿದರು. ಮನೆಗೆ ಬಂದು ತಂಗಿಯ ಹಾಸಿಗೆಯ ಪಕ್ಕ ಕೂತು, "ನಿನ್ನಿಂದ ಬೀದಿಗೆ ಬೆಳಕಾಯ್ತು ಮಗಳೇ" ಅಂದವರೂ ಇದ್ದರು. ಅಕ್ಕ ಅವರಿಗೆ ಚಹಾ ಕೊಟ್ಟಳು. ಅವರು ಹೇಳಿದ್ದು ಹೊಗಳಿಕೆಯೋ ಅಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಹೌದಪ್ಪ ಬಾಗಿಲ ಆಚೆಯೇ ನಿಂತಿದ್ದು ಹೊರಟುಹೋಗುತ್ತಿದ್ದ. ಬೀಗದ ಮಾವ ಮಾತ್ರ ಒಳಗೆ ಬಂದು, ತಂಗಿಯ ಕಾಲಿನ ಪಟ್ಟಿ ನೋಡಿ, "ನನ್ನ ತಲೆ ಇಷ್ಟೇ ಕಣಮ್ಮ ಓಡೋದು" ಎಂದು ಎದ್ದು ಹೋದ.

ಪಟ್ಟಿ ಬಿಚ್ಚಿದ ದಿನ ತಂಗಿ ಗೋಡೆ ಹಿಡಿಯದೆ ಕೋಣೆಯಲ್ಲಿ ಎರಡು ಸುತ್ತು ನಡೆದಳು. ಆಮೇಲೆ ಕೂತು ತನ್ನ ಬಟ್ಟೆಗಳನ್ನು ಮಡಚತೊಡಗಿದಳು. ಆಸ್ಪತ್ರೆಯಲ್ಲಿ ಕಲಿತ ಮಡಿಕೆ, ಅಂಚಿಗೆ ಅಂಚು ಕೂಡುವಂಥದ್ದು.

"ಏನಿದು?" ಅಂದಳು ಅಕ್ಕ.

"ಮೇಲ್ವಿಚಾರಕಿಗೆ ಹೇಳಿ ಕಳಿಸಿದೆ. ಹಾಸಿಗೆ ಇನ್ನೂ ಇದೆಯಂತೆ."

"ದೀಪ ಬರ್ತಿದೆಯಲ್ಲೇ! ಗುಂಡಿ ತೋಡೋಕೆ ಗುರುತು ಹಾಕಿ ಹೋಗಿದಾರೆ. ಇನ್ನೇನು ಬೇಕು ನಿನಗೆ?"

"ಬರಲಿ ಅಕ್ಕ. ಒಳ್ಳೇದೇ ಆಯ್ತು."

"ಕೋಪ ಇದ್ದರೆ ಬೈದುಬಿಡು. ಹೀಗೆ ಬಟ್ಟೆ ಮಡಚಬೇಡ."

"ಕೋಪ ಇಲ್ಲ." ತಂಗಿ ಮಡಚಲು ಇನ್ನೊಂದು ಬಟ್ಟೆ ಎತ್ತಿಕೊಂಡಳು. "ಅಲ್ಲಿ ಉದ್ದಕ್ಕೆ ಒಂದು ಪಡಸಾಲೆ ಇದೆ. ಒಂದು ಕಡೆ ಗೋಡೆ, ಒಂದು ಕಡೆ ಬಟ್ಟೆಯ ಗಾಡಿಗಳು. ಅಲ್ಲಿ ಯಾರೂ ಏನನ್ನೂ ಎತ್ತಿಡಲ್ಲ, ತೆಗೆಯಲ್ಲ. ಕಣ್ಣು ಮುಚ್ಚಿಕೊಂಡು ನಡೀಬಹುದು. ಇಲ್ಲಿ ಇನ್ನು ದಿನಾ ಅಗೀತಾರೆ, ಮುಚ್ತಾರೆ. ಇವತ್ತಿದ್ದದ್ದು ನಾಳೆ ಇರಲ್ಲ."

"ನಾನು ಇರ್ತೀನಲ್ಲ, ಕೈ ಹಿಡ್ಕೊಂಡು ಬರ್ತೀನಿ."

"ನೀನು ಇರ್ತೀಯ" ಅಂದಳು ತಂಗಿ. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಜಗಳವಾಡಬಹುದಿತ್ತು, ಎರಡು ದಿನ ಎಳೆಯಬಹುದಿತ್ತು. ಅಕ್ಕ ತಂಗಿಯ ಮುಖವನ್ನು ಬೆಳಕಿಗೆ ಹಿಡಿದು ನೋಡಿದರೂ ಅಲ್ಲಿ ಏನಿದೆಯೆಂದು ಅವಳಿಗೆ ತಿಳಿಯಲಿಲ್ಲ. ಬಾಗಿಲು ಎತ್ತಿದ್ದು ದೀಪಕ್ಕೋಸ್ಕರ, ದೀಪ ಬೇಕಾಗಿದ್ದು ಅವಳಿಗೋಸ್ಕರ. ಈಗ ದೀಪ ಬರುತ್ತಿದೆ, ಅವಳು ಹೋಗುತ್ತಿದ್ದಾಳೆ. ಇದರಲ್ಲಿ ಎಲ್ಲಿ ತಪ್ಪಿತು ಎಂದು ಅಕ್ಕ ಮೊದಲಿನಿಂದ ಹೆಣೆದು ನೋಡಿದಳು. ಎಳೆ ಎಲ್ಲ ಕಡೆಯೂ ಸರಿಯಾಗಿಯೇ ಹಾದುಹೋಗಿತ್ತು.

ಕಂಬ ನಿಲ್ಲಿಸುವವರು ಬಂದ ದಿನ ಬೆಳಿಗ್ಗೆಯಿಂದಲೇ ಬೀದಿಯಲ್ಲಿ ಹಾರೆ ಗುದ್ದಲಿಗಳ ಸದ್ದು. ಅಕ್ಕನ ಬಾಗಿಲ ಪಕ್ಕದಲ್ಲೇ ಸೊಂಟದ ಆಳಕ್ಕೆ ಗುಂಡಿ ತೋಡಿ, ಒದ್ದೆ ಮಣ್ಣನ್ನು ಹೊಸ್ತಿಲ ತನಕ ರಾಶಿ ಹಾಕಿದ್ದರು. ಸೂರ್ಯ ನೆತ್ತಿಯ ಮೇಲಿದ್ದ. ತಂಗಿ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದಳು. ಹಗಲು ಬೆಳಕಿನಲ್ಲಿ ಅವಳಿಗೆ ಯಾರ ಕೈಯೂ ಬೇಕಿರಲಿಲ್ಲ. ಮಣ್ಣಿನ ರಾಶಿಯನ್ನು ಸುತ್ತಿಕೊಂಡು, ಗುಂಡಿಯನ್ನು ಬಗ್ಗಿ ಒಮ್ಮೆ ನೋಡಿ, ಮುಂದೆ ಹೋದಳು. ಚೂರು ಕುಂಟುತ್ತಿದ್ದಳು.

ಅವಳ ಹಿಂದೆ ಮೆಟ್ಟಿಲುಗಳ ತನಕವಾದರೂ ಹೋಗೋಣವೆಂದು ಅಕ್ಕ ಚಪ್ಪಲಿ ಹುಡುಕುತ್ತಿದ್ದಳು. ಗುಂಡಿಯೊಳಗಿನಿಂದ ಒಬ್ಬ ತಲೆಯೆತ್ತಿ, "ಅಕ್ಕಾ, ಕುಡಿಯೋಕೆ ಒಂದು ಲೋಟ ನೀರು ಸಿಗುತ್ತಾ?" ಅಂದ. ಕೇಳಿದವರಿಗೆ ಇಲ್ಲವೆನ್ನುವುದು ಹೇಗೆ? ಅವಳು ಒಳಗೆ ಹೋಗಿ ತಂಬಿಗೆ ತುಂಬಿ ತಂದಳು. ಅವನು ಗಟಗಟ ಕುಡಿದ. ಉಳಿದ ನೀರನ್ನು ಅಂಗೈಗೆ ಸುರಿದುಕೊಂಡು ಮುಖ ಕುತ್ತಿಗೆ ಎಲ್ಲ ತೊಳೆದುಕೊಂಡು, ತಂಬಿಗೆಯನ್ನು ಎರಡೂ ಕೈಯಲ್ಲಿ ಮೇಲಕ್ಕೆ ಚಾಚಿದ.

ಅಕ್ಕ ಅದನ್ನು ಇಸಿದುಕೊಂಡು ತಲೆಯೆತ್ತಿದಾಗ ಮೆಟ್ಟಿಲುಗಳು ಖಾಲಿಯಿದ್ದವು. ತಂಗಿ ಹೋದದ್ದು ಹೀಗೆ, ಒಂದು ಗುರುವಾರ.